ತಾಮ್ರದ ಹಲಗೆಗೆ ಇಸ್ತ್ರಿ

ಎಲ್ಲ ಶುರುವಾದದ್ದು ಒಂದು ಹಲ್ಲಿಯಿಂದ. ಬೆಚ್ಚಗಿನ ಜಾಗ ಹುಡುಕಿಕೊಂಡು ಅದು ಪಕ್ಕದ ಮನೆಯ ಇನ್‌ಕ್ಯುಬೇಟರಿನ ಕಂಟ್ರೋಲ್ ಬಾಕ್ಸಿನೊಳಗೆ ಹೊಕ್ಕು, ಎರಡು ತಂತಿಗಳ ನಡುವೆ ಮೈ ಚಾಚಿತ್ತು. ಅವತ್ತು ಭಾನುವಾರ. ಬೆಳಗಿನ ಚಹಾ ಇನ್ನೂ ಸೋಸಿರಲಿಲ್ಲ, ಗೋಡೆಯಾಚೆಯಿಂದ ಕೂಗು ಬಂತು.

“ಅಕ್ಕೋರ, ಎದ್ದೀರೇನ್ರಿ? ಜಲ್ದಿ ಬರ್ರಿ! ನಮ್ಮ ಡಬ್ಬಿ ಸುಟ್ಟ ವಾಸನಿ ಹೊಡ್ಯಾಕತ್ತೈತಿ!”

ಕೂಗಿದವಳು ಚಾಚಿ. ಲಕ್ಷ್ಮೇಶ್ವರದಿಂದ ಬೆಟಗೇರಿಗೆ ಸೊಸೆಯಾಗಿ ಬಂದವಳು, ನನಗಿಂತ ಎಷ್ಟೋ ಚಿಕ್ಕವಳು. ನನ್ನ ತಮ್ಮನ ಮಗಳು ಆಕೆಯನ್ನು ಚಾಚಿ ಎನ್ನುತ್ತಾಳೆ, ಅದೇ ನನ್ನ ಬಾಯಿಗೂ ಬಿದ್ದಿದೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆಗಿ ಬಹಳ ವರ್ಷಗಳಾದವು, ಆದರೂ ಈ ಓಣಿಗೆ ಇನ್ನೂ ಅಕ್ಕೋರೇ.

ಡಬ್ಬಿ ಅಂದರೆ ಇನ್‌ಕ್ಯುಬೇಟರು. ಒಂದು ದೊಡ್ಡ ಥರ್ಮಾಕೋಲ್ ಪೆಟ್ಟಿಗೆ, ಒಳಗೊಂದು ಬಲ್ಬು, ಹಳೆಯ ಕಂಪ್ಯೂಟರಿನಿಂದ ಕಿತ್ತ ಪುಟ್ಟ ಫ್ಯಾನು, ಒಂದು ಬಟ್ಟಲು ನೀರು, ಮುಚ್ಚಳದಲ್ಲಿ ಗಾಜಿನ ಕಿಟಕಿ. ಬಿಸಿ ಹೆಚ್ಚಾದರೆ ಬಲ್ಬನ್ನು ಆರಿಸುವುದು, ಕಡಿಮೆಯಾದರೆ ಹಚ್ಚುವುದು ಆ ಕಂಟ್ರೋಲ್ ಬಾಕ್ಸಿನ ಕೆಲಸ. ಚಾಚಿ ಅದರಲ್ಲಿ ಜವಾರಿ ಕೋಳಿಯ ಮರಿ ಮಾಡಿಸುತ್ತಾಳೆ.

ಆ ಸಲ ಒಳಗಿದ್ದ ತತ್ತಿಗಳು ಆಕೆಯವಲ್ಲ. ಕುರ್ತಕೋಟಿಯ ಒಬ್ಬ ಹೆಣ್ಣುಮಗಳು ತಂದು ಕೊಟ್ಟಿದ್ದವು. ಆಕೆಯ ಮನೆಯಲ್ಲಿ ಕಾವಿಗೆ ಕೂತಿದ್ದ ಕೋಳಿಯನ್ನು ನಾಯಿಯೊಂದು ಎತ್ತಿಕೊಂಡು ಹೋಗಿತ್ತು. ತತ್ತಿಗಳ ಬಿಸಿ ಆರುವ ಮೊದಲೇ ಅವನ್ನು ಹೊಟ್ಟು ತುಂಬಿದ ಬುಟ್ಟಿಯಲ್ಲಿಟ್ಟು, ಮೇಲೆ ಸೆರಗು ಮುಚ್ಚಿ, ಬಸ್ಸು ಹತ್ತಿ ಬಂದಿದ್ದಳು. “ಇದು ನಮ್ಮವ್ವ ಕೊಟ್ಟ ಕೋಳಿ ತಳಿ. ಇವು ಹ್ವಾದ್ರ ತಳೀನ ಹೋತು,” ಎಂದಿದ್ದಳು. ಆಕೆಯ ಮುಖ ನೋಡಿ ಚಾಚಿ, “ಒಂದೂ ಕೆಡಸಂಗಿಲ್ಲ. ನನ್ನ ಮಾತಂದ್ರ ಮಾತು,” ಎಂದುಬಿಟ್ಟಳು. ನಾನು ಅಲ್ಲೇ ಕೂತಿದ್ದೆ. ತತ್ತಿಯ ವಿಷಯದಲ್ಲಿ ಅಂಥ ಮಾತನ್ನು ಯಾರೂ ಕೊಡಬಾರದು, ಕೋಳಿಯೇ ಕೊಡುವುದಿಲ್ಲ. ಈಗ ಮರಿ ಏಳಲು ಇನ್ನೊಂದು ವಾರವಿದೆ ಎನ್ನುವಾಗ ಡಬ್ಬಿ ಸುಟ್ಟು ಕೂತಿತ್ತು.

ಪುಣ್ಯಕ್ಕೆ ತಮ್ಮನ ಮಗಳು ಮನೆಯಲ್ಲಿದ್ದಳು. ಮುಂಡರಗಿಯ ಕಡೆ ಐ.ಟಿ.ಐ.ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ಶನಿವಾರ ನನ್ನ ಹತ್ತಿರ ಬರುತ್ತಾಳೆ, ಸೋಮವಾರ ನಸುಕಿನಲ್ಲಿ ಬಸ್ಸು ಹಿಡಿಯುತ್ತಾಳೆ. ತಲೆ ಬಾಚದೆಯೇ ಹೋಗಿ ಬಾಕ್ಸು ಬಿಚ್ಚಿದಳು, ಚಿಮಟದಿಂದ ಹಲ್ಲಿಯನ್ನು ತೆಗೆದಳು. ಕೆಳಗಿನ ಹಸಿರು ಬೋರ್ಡು ಕರ್ರಗಾಗಿತ್ತು.

“ಹೊಸಾದು ತರಸಿದ್ರ?” ಎಂದೆ.

“ಬರಾಕ ನಾಕೈದು ದಿನ ಬೇಕು ಅತ್ತಿ. ಬೋರ್ಡ್ ನಾನ ಮಾಡತೀನಿ.”

“ಮನ್ಯಾಗ?”

“ಮನ್ಯಾಗ. ನಿನ್ನ ಇಸ್ತ್ರಿ ಎಲ್ಲೈತಿ?”

ಸರ್ಕಿಟ್ ಬೋರ್ಡು ಎಂದರೆ ಜಪಾನಿನಲ್ಲೋ ಚೀನಾದಲ್ಲೋ ಬಿಳಿ ಮಾಸ್ಕ್ ಹಾಕಿಕೊಂಡವರು ಏರ್‌ಕಂಡೀಷನ್ ರೂಮಿನಲ್ಲಿ ಮಾಡುವ ಪದಾರ್ಥ ಎಂದೇ ನಾನು ತಿಳಿದಿದ್ದೆ. ಅದಕ್ಕೂ ನನ್ನ ಇಸ್ತ್ರಿಗೂ ಏನು ಸಂಬಂಧ? ಈ ವಯಸ್ಸಿನಲ್ಲಿ ನನಗೆ ಹಸಿವೆ ಕಡಿಮೆಯಾಗಿದೆ, ನಿದ್ದೆ ಕಡಿಮೆಯಾಗಿದೆ, ಕ್ಯೂರಿಯಾಸಿಟಿ ಮಾತ್ರ ಹಾಗೇ ಇದೆ. ಆಕೆಯ ಹಿಂದಿಂದೆ ತಿರುಗತೊಡಗಿದೆ.

“ಸುಮ್ನ ವೈರಿಗೆ ವೈರ್ ಜೋಡಿಸಿದ್ರ ಆಗೂದಿಲ್ಲೇನು?”

“ಫ್ಯಾನ್ ತಿರುಗಿದಂಗೆಲ್ಲಾ ಡಬ್ಬಿ ನಡಗತೈತಿ. ಒಂದು ವೈರ್ ಕಳಚಿ ಬಲ್ಬ್ ಹತ್ತಿಕೊಂಡ ಉಳೀತಂದ್ರ ಮರಿ ಏಳೂದಿಲ್ಲ ಅತ್ತಿ, ಬಾಯ್ಲ್ಡ್ ಎಗ್ ಏಳತಾವ.”

“ಯಾ ಅಲ್ಲಾ, ಬಿಡ್ತು ಅನ್ನವಾ!” ಎಂದಳು ಚಾಚಿ. ಅಷ್ಟರಲ್ಲಾಗಲೇ ಆಕೆ ಬಲ್ಬಿಗೆ ನೇರವಾಗಿ ಸ್ವಿಚ್ಚು ಕೊಡಿಸಿಕೊಂಡು ಡಬ್ಬಿಯ ಪಕ್ಕ ಮಣೆ ಹಾಕಿ ಕೂತಿದ್ದಳು. ಥರ್ಮಾಮೀಟರಿನ ಪಾದರಸ ಗೆರೆ ಮುಟ್ಟಿದರೆ ಆರಿಸಬೇಕು, ಇಳಿದರೆ ಹಚ್ಚಬೇಕು. ಕಂಟ್ರೋಲ್ ಬಾಕ್ಸಿನ ಕೆಲಸವನ್ನು ತಾನೇ ಮಾಡಲು ಕೂತವಳು ನಾಷ್ಟಾಕ್ಕೂ ಏಳಲಿಲ್ಲ.

ಹುಡುಗಿ ಲ್ಯಾಪ್‌ಟಾಪಿನಲ್ಲಿ ನಕ್ಷೆ ಬರೆದಳು. ದಪ್ಪ ಕಪ್ಪು ಗೆರೆಗಳು, ಗೆರೆಯ ತುದಿಗೊಂದೊಂದು ದುಂಡು ಚುಕ್ಕೆ. ಮೂಲೆಯಲ್ಲಿ ತಮಾಷೆಗೆ ಇಂಗ್ಲಿಷಿನಲ್ಲಿ ‘ಎಗ್ ಬಾಕ್ಸ್’ ಎಂದೂ ಬರೆದಳು. ನಾನು ಕೇಳುತ್ತಾ ಹೋದೆ, ಆಕೆ ಹೇಳುತ್ತಾ ಹೋದಳು. ಆ ನಕ್ಷೆಯನ್ನು ನುಣ್ಣನೆಯ ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆಯಬೇಕು. ತಾಮ್ರ ಹೊದಿಸಿದ ಹಲಗೆಯ ಮೇಲೆ ಅದನ್ನು ಬೋರಲು ಹಾಕಿ ಬಿಸಿ ಇಸ್ತ್ರಿ ಒತ್ತಬೇಕು. ಕಪ್ಪು ಕರಗಿ ತಾಮ್ರಕ್ಕೆ ಅಂಟುತ್ತದೆ. ಆಮೇಲೆ ಹಲಗೆಯನ್ನು ಒಂದು ಕೆಮಿಕಲ್ಲಿನಲ್ಲಿ ಅದ್ದಿದರೆ ಬತ್ತಲೆ ತಾಮ್ರವೆಲ್ಲ ಕರಗಿಹೋಗಿ, ಕಪ್ಪಿನ ಅಡಿಯಲ್ಲಿದ್ದದ್ದು ಮಾತ್ರ ಉಳಿಯುತ್ತದೆ. ಅದೇ ವೈರು.

“ಶಾಯಿ ಕರಗತೈತೇನು?”

“ಅದು ಶಾಯಿ ಅಲ್ಲ ಅತ್ತಿ. ಟೋನರ್ ಅಂದ್ರ ಪ್ಲಾಸ್ಟಿಕ್ ಪುಡಿ. ಮಷೀನಿನ್ಯಾಗ ಬಿಸಿ ಮಾಡಿ ಕಾಗದಕ್ಕ ಅಂಟಸ್ತಾರ.”

ಜನ್ಮವೆಲ್ಲ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಝೆರಾಕ್ಸ್ ಮಾಡಿಸಿದವಳು ನಾನು. ಕೈಗೆ ಬೆಚ್ಚಗೆ ಬರುತ್ತಿದ್ದ ಆ ಅಕ್ಷರಗಳು ಕರಗಿಸಿ ಅಂಟಿಸಿದ ಪ್ಲಾಸ್ಟಿಕ್ ಎಂದು ಯಾರೂ ನನಗೆ ಹೇಳಿರಲಿಲ್ಲ. ಐ ಫೆಲ್ಟ್ ಚೀಟೆಡ್, ಆದರೆ ಖುಷಿಯೂ ಆಯಿತು.

ಕಾಗದಕ್ಕೆ ಹುಡುಕಾಟ ನಡೆಯಿತು. ಕಿರಾಣಿ ಅಂಗಡಿಯ ಕ್ಯಾಲೆಂಡರು ತಂದೆ, ಬಹಳ ದಪ್ಪ. ಮದುವೆ ಕಾರ್ಡು ತಂದೆ, “ಅದು ನೀರಾಗ ನೆನೆಯೂದಿಲ್ಲ.” ಕೊನೆಗೆ ಕಪಾಟಿನಿಂದ ನಾನು ಓದಿದ ಕಾನ್ವೆಂಟಿನ ಜುಬಿಲಿ ಸೊವೆನೀರ್ ತೆಗೆದೆ. ಆರ್ಟ್ ಪೇಪರು, ಬೆರಳು ಇಟ್ಟರೆ ಜಾರುತ್ತದೆ. ಹುಡುಗಿಯ ಕಣ್ಣು ಅರಳಿತು.

“ಅತ್ತಿ, ಇದು ಎ-ಒನ್! ಹರೀಲೇನು?”

“ತಡಿ. ಯಾವ ಹಾಳಿ ಅಂತ ನಾ ಹೇಳತೀನಿ.”

ಒಂದೊಂದೇ ಪುಟ ತಿರುವಿದೆ. ಬೋರ್ಡಿಂಗಿನ ಉದ್ದನೆಯ ವರಾಂಡಾ, ಬಿಳಿ ನಿಲುವಂಗಿಯ ಸಿಸ್ಟರುಗಳು, ಎರಡು ಜಡೆ ಹಾಕಿಕೊಂಡ ನಾವು. ಆ ಸಾಲಿನಲ್ಲಿ ನಿಂತವರಲ್ಲಿ ಈಗ ಫೋನ್ ಮಾಡಿದರೆ ಎತ್ತುವವರು ಬಹಳ ಮಂದಿ ಇಲ್ಲ. ಅದನ್ನು ಬಿಟ್ಟು ಮುಂದೆ ಹೋದೆ. ಯಾರೋ ಗಣ್ಯರ ಶುಭಸಂದೇಶಗಳ ಪುಟ ಬಂತು, ಯಾರೂ ಎಂದೂ ಓದದಂಥದ್ದು. “ಇದನ್ನ ಹರಿ,” ಎಂದೆ. ಅದರ ಮೇಲಿದ್ದ ಅಚ್ಚು ಅಡ್ಡಿಯಾಗುವುದಿಲ್ಲವಂತೆ; ಪ್ರೆಸ್ಸಿನ ಶಾಯಿ ಇಸ್ತ್ರಿಗೆ ಕರಗುವುದಿಲ್ಲ.

ಪೆನ್ ಡ್ರೈವು, ಕಾಗದ ಹಿಡಿದುಕೊಂಡು ಆಟೋದಲ್ಲಿ ಗದಗಿಗೆ ಹೋದವಳು ನಾನೇ. ಹುಡುಗಿ ಹಳೆಯ ಟಿ.ವಿ.ಯೊಂದರಿಂದ ಸಾಮಾನು ಬಿಚ್ಚುತ್ತಿದ್ದಳು. ನನಗೆ ಗೊತ್ತಿದ್ದ ಝೆರಾಕ್ಸ್ ಅಂಗಡಿಯವನು ಭಾನುವಾರ ಮಧ್ಯಾಹ್ನದವರೆಗೆ ಮಾತ್ರ ಬಾಗಿಲು ತೆಗೆದಿರುತ್ತಾನೆ. ಆತನ ತಂದೆ ಹಳೆಯ ಅಚ್ಚುಕೂಟದಲ್ಲಿ ಸೀಸದ ಮೊಳೆ ಜೋಡಿಸುತ್ತಿದ್ದವರು. ಆಗ ಗದಗಿನ ಓಣಿಗಳಲ್ಲಿ ನಡೆದರೆ ಪ್ರೆಸ್ಸಿನ ಸದ್ದು ಮನೆಯಿಂದ ಮನೆಗೆ ಜೊತೆ ಬರುತ್ತಿತ್ತು.

“ಇದು ಲೇಸರ್ ಹೌದಲ್ಲೋ?” ಎಂದೆ.

“ಅಕ್ಕೋರ, ಲೇಸರ್ ಗೀಸರ್ ಎಲ್ಲಾ ನೀವೂ ಕಲತ್ರೇನು? ಲೇಸರ್ ಐತ್ರಿ. ಆದ್ರ ಈ ಕಾಗದ ಒಳಗ ಸಿಕ್ಕೊಂಡ್ರ ಮಷೀನ್ ನಿಮ್ಮ ಹೆಸರಲೇ ಹೋಗತೈತಿ ನೋಡ್ರಿ.”

ಸ್ಕ್ರೀನಿನ ಮುಂದೆ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದ, ಒಂದೆರಡು ಸಲ ಕ್ಲಿಕ್ ಮಾಡಿದ. ಕಾಗದ ಸಿಕ್ಕಿಕೊಳ್ಳಲಿಲ್ಲ. ಶುಭಸಂದೇಶಗಳ ಮೇಲೆ ಕಪ್ಪು ಗೆರೆಗಳು ಹೊಳೆಯುತ್ತಾ ಹೊರಬಂದವು. ನುಣುಪು ಕೆಡದ ಹಾಗೆ ಪೇಪರಿನಲ್ಲಿ ಸುತ್ತಿ ಕೊಟ್ಟು, ನನ್ನ ಹಿಂದೆಯೇ ಶಟರ್ ಎಳೆದ.

ಮನೆಗೆ ಬಂದಾಗ ಹುಡುಗಿ ಹಿತ್ತಿಲಲ್ಲಿ ಕೂತು ತಾಮ್ರದ ಹಲಗೆಯನ್ನು ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ತಿಕ್ಕುತ್ತಿದ್ದಳು. ಲ್ಯಾಬಿನಲ್ಲಿ ಮಿಕ್ಕಿದ್ದ ತುಂಡಂತೆ, ಇದ್ದದ್ದು ಅದೊಂದೇ. ತಿಕ್ಕಿದಂತೆ ತಾಮ್ರ ಎಳೆಗೂಸಿನ ಅಂಗಾಲಿನ ಬಣ್ಣಕ್ಕೆ ಬಂತು. ಮುಟ್ಟಲು ಹೋದೆ. “ಬೆರಳು ಹಚ್ಚಬ್ಯಾಡ! ಬೆರಳಿನ ಎಣ್ಣಿ ಹತ್ತಿದ್ರ ಟೋನರ್ ಕೂಡೂದಿಲ್ಲ.” ಗಡಿಬಿಡಿಯಲ್ಲಿ ಕಾಗದವನ್ನು ಕತ್ತರಿಸಿ, ಬೋರಲು ಹಾಕಿ, ಇಸ್ತ್ರಿ ಇಟ್ಟಳು. ನನ್ನ ಇಸ್ತ್ರಿ ಹಳೆಯ ಕಾಲದ್ದು, ಭಾರವಾದದ್ದು, ಅಡಿಯಲ್ಲಿ ಉಗಿ ಬರುವ ತೂತುಗಳಿಲ್ಲ; ಈ ಕೆಲಸಕ್ಕೆ ಅದೇ ಒಳ್ಳೆಯದಂತೆ. ಆದರೆ ಆಕೆ ಅದನ್ನು ಹಿಂದೆ ಮುಂದೆ ನೂಕುತ್ತಿದ್ದಳು, ಕಾಗದ ಸರಿಯುತ್ತಿತ್ತು.

“ಸರಿ ಅತ್ತಾಗ,” ಎಂದು ಇಸ್ತ್ರಿಯನ್ನು ನಾನು ಕಸಿದುಕೊಂಡೆ.

ಬೋರ್ಡಿಂಗಿನಲ್ಲಿ ನಮ್ಮ ಯೂನಿಫಾರ್ಮ್ ಟ್ಯೂನಿಕ್ಕಿನ ಅಗಲ ನೆರಿಗೆಗಳನ್ನು, ಬಾಕ್ಸ್ ಪ್ಲೀಟುಗಳನ್ನು, ನಾವೇ ಇಸ್ತ್ರಿ ಮಾಡಿಕೊಳ್ಳಬೇಕಿತ್ತು. ಬೆನ್ನ ಹಿಂದೆ ನಿಂತು ಸಿಸ್ಟರ್ ಹೇಳುತ್ತಿದ್ದರು: ಪ್ರೆಸ್, ಚೈಲ್ಡ್, ಡೋಂಟ್ ಪುಶ್. ಎತ್ತು, ಇಡು, ಮೈಭಾರ ಕೊಡು, ಮತ್ತೆ ಎತ್ತು. ಆ ಪ್ಲೀಟುಗಳಿಂದ ಬದುಕಿನಲ್ಲಿ ಏನು ಉಪಯೋಗವಾಯಿತು ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಮೂಲೆಯಿಂದ ಮೂಲೆಗೆ ಒತ್ತುತ್ತಾ ಹೋದೆ. ಕಾಗದದ ಬೆನ್ನ ಮೇಲೆ ಗೆರೆಗಳು ನಿಧಾನವಾಗಿ ಉಬ್ಬಿ ಕಂಡವು. ಹುಡುಗಿ ಇಸ್ತ್ರಿಯನ್ನು ವಾಪಸು ಕೇಳಲಿಲ್ಲ.

ಹಲಗೆಯನ್ನು ನೀರಿಗೆ ಹಾಕಿದೆವು. ಗಣ್ಯರ ಸಂದೇಶಗಳು ನೆನೆದು ಮೆತ್ತಗಾದವು. ಹೆಬ್ಬೆರಳಿನಿಂದ ತಿಕ್ಕಿದರೆ ಎಳೆ ಎಳೆಯಾಗಿ ಬಿಟ್ಟವು. ಗೆರೆಗಳು ಮಾತ್ರ ತಾಮ್ರವನ್ನು ಹಿಡಿದುಕೊಂಡು ಕೂತಿದ್ದವು. ಅಲ್ಲಲ್ಲಿ ಹರಿದಿದ್ದ ಕಡೆ ಮಾರ್ಕರ್ ಪೆನ್ನಿನಿಂದ ಆಕೆ ತುಂಬಿದಳು.

ಆಮೇಲೆ ತಾಮ್ರ ಕರಗಿಸುವ ಆ ಕೆಮಿಕಲ್ಲು, ಫೆರಿಕ್ ಕ್ಲೋರೈಡು. ಕಾಕಂಬಿಯಂಥ ಕಂದು ನೀರು, ಮೂಗಿಗೆ ತುಕ್ಕಿನ ವಾಸನೆ. “ಸ್ಟೀಲಿನ ಬೋಗೋಣಿ ತರ್ಲೇನು?” ಎಂದೆ. “ಬ್ಯಾಡ! ಬೋಗೋಣೀನ ತಿಂದಬಿಡತೈತಿ.” ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸುರಿದು, ಒಗೆಯುವ ಕಲ್ಲಿನ ಮೇಲಿಟ್ಟು, ತೊಟ್ಟಿಲ ಹಾಗೆ ತೂಗಿದೆವು. ಮೊದಲು ಅಂಚಿನ ತಾಮ್ರ ಮಾಯವಾಯಿತು, ಆಮೇಲೆ ನಡುವಿನದು. ನನಗೆ ಒಂದೇ ಯೋಚನೆ.

“ಅಲ್ಲ, ತಾಮ್ರ ಎಲ್ಲಿ ಹೋತು?”

“ನೀರಾಗ ಐತಿ ಅತ್ತಿ.”

“ಮತ್ತ ಹೊರಗ ತಗೀಬಹುದೇನು?”

“ತಗೀಬಹುದು. ಇವತ್ತ ಬ್ಯಾಡ.”

ಕೇಳುವ ಭರದಲ್ಲಿ ಬಗ್ಗಿದೆ, ಸೀರೆಗೆ ಒಂದು ಹನಿ ಸಿಡಿಯಿತು. ಆ ಕಂದು ಕಲೆ ಯಾವ ಸೋಪಿಗೂ ಹೋಗಿಲ್ಲ.

ಗೋಡೆಯಾಚೆಯಿಂದ ಚಾಚಿ ಕೂಗಿ ಕೇಳಿದಳು, “ಆತೇನ್ರಿ?” “ಆಗಾಕತ್ತೈತಿ!” ಎಂದೆ.

ತೊಳೆದು, ಉಗುರಿನ ಬಣ್ಣ ತೆಗೆಯುವ ದ್ರವದಿಂದ ಹುಡುಗಿ ಕಪ್ಪನ್ನು ಒರೆಸಿದಳು. ಅಡಿಯಿಂದ ತಾಮ್ರದ ಗೆರೆಗಳು ಥಳಥಳ ಹೊಳೆದವು. ನಾನು ಕನ್ನಡಕ ಹಾಕಿಕೊಂಡು, ಮೂಲೆಯ ಅಕ್ಷರಗಳನ್ನು ಓದಲು ಹೋದೆ.

“ಇದ್ಯಾಕ ಕನ್ನಡಿಯೊಳಗ ಕಂಡಂಗ ಐತಿ? ಕಾಗದದ ಮ್ಯಾಲೆ ಸೀದಾ ಇತ್ತಲ್ಲ.”

ಹುಡುಗಿಯ ಕೈ ನಿಂತಿತು. “ಏನಂದಿ? ಕಾಗದದ ಮ್ಯಾಲೆ ಸೀದಾ ಇತ್ತಾ?”

“ಹೂಂ, ಎಗ್ ಬಾಕ್ಸ್ ಅಂತ ಆಟೋದಾಗ ಓದಿದೆನಲ್ಲ.”

ಆಕೆ ಝೆರಾಕ್ಸಿನವನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿದಳು.

“ಕಾಕಾ, ಪ್ರಿಂಟ್ ಹೆಂಗ ತಗದ್ರಿ?”

“ಮಸ್ತ್ ಬಂದೈತಿಲ್ಲ? ನಿಮ್ಮ ಫೈಲಿನ್ಯಾಗ ಅಕ್ಷರ ಉಲ್ಟಾ ಇದ್ದುವವಾ. ಮಿರರ್ ಒತ್ತಿ ನಾನ ಸೀದಾ ಮಾಡೀನಿ. ಹಂಗ ಕೊಟ್ಟಿದ್ರ ಅಕ್ಕೋರು ನನ್ನ ಕಿವಿ ಹಿಂಡತಿದ್ರು.”

“ಕಾಕಾ, ಉಲ್ಟಾನ ಬೇಕಾಗಿತ್ತು! ಒತ್ತಿದಾಗ ಸೀದಾ ಬೀಳತೈತಿ.”

ಆ ಕಡೆ ಬಸ್ಸಿನ ಹಾರ್ನು ಕೇಳಿಸಿತು. “ಅಂದ್ರ... ಅಚ್ಚಿನ ಮೊಳಿ ಇದ್ದಂಗ?”

“ಹೌದ್ರಿ.”

“ಅಯ್ಯ ನನ ಶಿವನ! ನಮ್ಮಪ್ಪ ಜೀವಮಾನ ಪೂರ್ತಿ ಉಲ್ಟಾ ಮೊಳಿ ಹಚ್ಚಿದಾಂವ. ಅವನ ಮಗಾ ಆಗಿ ನಾ ಸೀದಾ ಮಾಡೀನಿ ನೋಡು! ನಾಳಿ ಮುಂಜಾನೆ ಬರ್ರಿ, ಮತ್ತ ತಗದ ಕೊಡತೀನಿ. ಈಗ ಶಿರಹಟ್ಟಿ ಬಸ್ಸಿನ್ಯಾಗ ಕುಂತೀನಿ, ಬೀಗರ ಮನಿಗೆ ಹೊಂಟೀನಿ.”

ನಾಳೆ ಹುಡುಗಿ ಇರುವುದಿಲ್ಲ. ಇನ್ನೊಂದು ತಾಮ್ರದ ತುಂಡೂ ಇಲ್ಲ. ಆಚೆ ಕಡೆ ಚಾಚಿ ಬೆಳಗಿನಿಂದ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಾಳೆ. ರಾತ್ರಿ ಪೂರ್ತಿ, ವಾರ ಪೂರ್ತಿ ಹಾಗೆ ಕೂಡಲು ಯಾರಿಂದಾದೀತು? ಒಮ್ಮೆ ಕಣ್ಣು ಹತ್ತಿದರೆ ಸಾಕು. ಇದನ್ನು ಆಕೆಗೆ ಹೋಗಿ ಹೇಳು ಎಂದರೆ ನನ್ನಿಂದ ಆಗುತ್ತಿರಲಿಲ್ಲ.

ಹುಡುಗಿ ಮೊಣಕಾಲ ಮೇಲೆ ಗದ್ದ ಊರಿ ಹಲಗೆಯನ್ನೇ ನೋಡುತ್ತಿದ್ದಳು. ಆಮೇಲೆ ಬೋರ್ಡಿಗೆ ಮಿದುಳಾಗಬೇಕಿದ್ದ, ಎಂಟು ಕಾಲಿನ ಪುಟ್ಟ ಕರಿ ಐ.ಸಿ. ಚಿಪ್ಪನ್ನು ಎತ್ತಿಕೊಂಡು, ಅಂಗೈಯಲ್ಲಿ ಅಂಗಾತ ಮಲಗಿಸಿದಳು.

“ಅತ್ತಿ, ನಾ ಕನ್ನಡಿಯೊಳಗ ಹೋದ್ರ ನನ್ನ ಎಡಗೈ ಎಲ್ಲಿ ಬರತೈತಿ?”

“ಬಲಕ್ಕ.”

“ನಾ ಬೋರಲು ಮಲಗಿದಾಕಿ ಅಂಗಾತ ಆದ್ರ?”

ಅಂಗೈ ನೋಡುತ್ತಲೇ ನನಗೆ ಹೊಳೆಯಿತು. ಆಗಲೂ ಎಡದ ಕಾಲು ಬಲಕ್ಕೇ ಬರುತ್ತದೆ. ಬೋರ್ಡು ತಿರುವುಮುರುವಾಗಿದ್ದರೆ ಚಿಪ್ಪನ್ನೂ ತಿರುವಿ ಹಾಕಬೇಕು, ಅಷ್ಟೇ. ಆದರೆ ಕಾಲುಗಳೆಲ್ಲ ಹೊಟ್ಟೆಯ ಕಡೆ ಬಾಗಿವೆ; ಅವನ್ನು ಒಂದೊಂದಾಗಿ ಬೆನ್ನಿನ ಕಡೆಗೆ ಮಡಚಬೇಕು. ಒಂದೇ ಸಲ ಮಡಚಬಹುದು, ಎರಡನೆಯ ಸಲಕ್ಕೆ ಮುರಿಯುತ್ತದೆ. ಇದ್ದದ್ದೂ ಒಂದೇ ಚಿಪ್ಪು. ಆಕೆ ಚಿಮಟ ಹಿಡಿದು ಮಡಚುತ್ತಾ ಹೋದಳು, ನಾನು ಉಸಿರು ಹಿಡಿದು ದೀಪ ತೋರಿಸುತ್ತಾ ನಿಂತೆ. ಒಂದು ಕಾಲೂ ಮುರಿಯಲಿಲ್ಲ. ಎರಡೇ ಕಾಲಿನ ಸಾಮಾನುಗಳಿಗೆ ಎಡಬಲದ ಚಿಂತೆಯಿಲ್ಲ. ಬಲ್ಬಿನ ಹತ್ತಿರ ಒಂದು ಕಡೆ ಮಾತ್ರ ವೈರಿನ ತುಂಡು ಸೇತುವೆಯ ಹಾಗೆ ದಾಟಿಸಬೇಕಾಯಿತು. ತೂತು ಕೊರೆದು, ಬೆಸುಗೆ ಹಾಕಿ ಮುಗಿಸುವಾಗ ಹೊತ್ತು ಇಳಿಯುತ್ತಿತ್ತು.

ಬೋರ್ಡು ನೋಡಿ ಚಾಚಿಯ ಮುಖ ಇಳಿಯಿತು. “ಇದೇನವಾ, ಜೊಂಡಿಗ್ಯಾ ಸತ್ತು ಅಂಗಾತ ಬಿದ್ದಂಗ ಐತಿ!” ಎಂದಳು; ಬೆನ್ನ ಮೇಲೆ ಮಲಗಿದ ಚಿಪ್ಪು ಆಕೆಗೆ ಜಿರಳೆಯ ಹಾಗೆ ಕಂಡಿತ್ತು.

“ಇದು ಸತ್ತ ಜೊಂಡಿಗ್ಯಾ ಅಲ್ಲ ಚಾಚಿ, ಯೋಗಾಸನ ಮಾಡಾಕತ್ತೈತಿ. ಬೆರಳು ತಗಿ ಇನ್ನ.”

ವೈರು ಜೋಡಿಸಿದಳು. ಬಲ್ಬು ಹತ್ತಿತು. ಪಾದರಸ ಏರಿತು, ಗೆರೆ ಮುಟ್ಟಿತು, ಬಲ್ಬು ತಾನಾಗಿಯೇ ಆರಿತು. ಇಳಿಯಿತು, ಹತ್ತಿತು. ಚಾಚಿ ಬಹಳ ಹೊತ್ತಿನವರೆಗೆ ನಂಬಲಿಲ್ಲ. ಕೈಯನ್ನು ಸ್ವಿಚ್ಚಿನ ಹತ್ತಿರವೇ ಇಟ್ಟುಕೊಂಡಿದ್ದಳು. ಆಮೇಲೆ ಒಂದು ತತ್ತಿಯನ್ನು ಎತ್ತಿ ಮೊಬೈಲಿನ ಟಾರ್ಚಿಗೆ ಹಿಡಿದಳು. ನಾನು ಅಂಥದ್ದನ್ನು ನೋಡಿದ್ದು ಅದೇ ಮೊದಲು. ಕೆಂಡದ ಬಣ್ಣದ ಬೆಳಕಿನಲ್ಲಿ ಸಣ್ಣ ಸಣ್ಣ ಕೆಂಪು ಗೆರೆಗಳು, ನಡುವೆ ಒಂದು ಕರಿ ನೆರಳು. ನೆರಳು ಮಿಸುಕಿತು. ನಾನು ಚಿಕ್ಕ ಹುಡುಗಿಯ ಹಾಗೆ ‘ಓಹ್’ ಎಂದೆ. ಇನ್ನೊಂದನ್ನು ಹಿಡಿದಾಗ ನೆರಳು ಮಿಸುಕಲಿಲ್ಲ. ಚಾಚಿ ಅದನ್ನು ಇದ್ದ ಜಾಗದಲ್ಲೇ ಇಟ್ಟಳು.

ಮುಂದಿನ ವಾರ ಮರಿಗಳು ಎದ್ದವು. ಕುರ್ತಕೋಟಿಯಾಕೆ ಬುಟ್ಟಿ ಹಿಡಿದು ಬಂದಾಗ ಚಾಚಿ ನನ್ನನ್ನೂ ಕರೆದಳು; ಒಬ್ಬಳೇ ಎದುರಿಸಲು ಧೈರ್ಯವಿರಲಿಲ್ಲವೆಂದು ಕಾಣುತ್ತದೆ. ಒಳಗೆ ಮರಿಗಳು ಚಿಂವ್‌ಗುಡುತ್ತಿದ್ದವು. ಆದರೆ ಚಾಚಿ ಅವನ್ನು ತೋರಿಸಲಿಲ್ಲ. ಏಳದೆ ಉಳಿದ ತತ್ತಿಗಳ ತಾಟನ್ನು ಮೊದಲು ತಂದು ಆಕೆಯ ಮುಂದೆ ಇಟ್ಟಳು.

“ಇವು ಆಗಲಿಲ್ಲವಾ. ಒಂದೂ ಕೆಡಸಂಗಿಲ್ಲ ಅಂತ ಮಾತು ಕೊಟ್ಟಿದ್ದೆ. ನಡುವ ಒಂದಿನ ಡಬ್ಬಿ ಕೆಟ್ಟಿತ್ತು.”

ಆಕೆ ಒಂದೊಂದನ್ನೇ ಎತ್ತಿ, ಕಿವಿಯ ಹತ್ತಿರ ಅಲುಗಿಸಿದಳು. “ಇದು ಮೊದಲ ಪೊಳ್ಳು. ಕೋಳಿ ಕುಂತಿದ್ರೂ ಏಳತಿದ್ದಿಲ್ಲ. ಇದೂ ಪೊಳ್ಳು.” ಕೊನೆಯದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. “ಇದರಾಗ ಮರಿ ಆಗಿತ್ತು.”

ಚಾಚಿ ತಲೆ ತಗ್ಗಿಸಿದಳು.

“ಕೋಳಿ ಕುಂತಾಗೂ ಒಂದು ಅದರ ಕಾಲಾಗ ಸಿಗತೈತಿ,” ಎಂದಳು ಆಕೆ, ತತ್ತಿಯನ್ನು ಮೆತ್ತಗೆ ತಾಟಿಗಿಡುತ್ತಾ. “ಎಲ್ಲಿ, ಎದ್ದವನ್ನ ತೋರಸು.”

ಡಬ್ಬಿಯೊಳಗೆ ಕೈಹಾಕಿ ಒಂದು ಮರಿಯನ್ನು ಎತ್ತಿ, ಬೆನ್ನಿನ ಪಟ್ಟೆ, ಕಾಲಿನ ಬಣ್ಣ ನೋಡಿದಳು. “ಹೂಂ. ನಮ್ಮವ್ವನ ಕೋಳೀನ.” ಒಂದೊಂದಾಗಿ ಬುಟ್ಟಿಗೆ ತುಂಬಿದಳು. ನಮ್ಮ ಕಡೆ ತತ್ತಿ ಒಬ್ಬರದು, ಕಾವು ಇನ್ನೊಬ್ಬರ ಕೋಳಿಯದು ಆದರೆ ಮರಿಗಳಲ್ಲಿ ಪಾಲು ಕೊಡುವುದಿದೆ. ಆಕೆ ಪಾಲು ತೆಗೆದಿಡಲು ಹೋದಾಗ ಚಾಚಿ ಎರಡೂ ಕೈ ಹಿಂದಕ್ಕೆ ತೆಗೆದುಕೊಂಡಳು.

“ನಂಗ ಬ್ಯಾಡವಾ. ಮಾತು ಉಳಿಸಿಕೊಳ್ಳದಾಕಿಗೆ ಯಾವ ಪಾಲು?”

“ಮಾತು ಅತ್ತಾಗಿರಲಿ ಬಿಡು. ಕಾವು ಕೊಟ್ಟಾಕಿ ಪಾಲು ಬಿಟ್ರ ತಳಿ ಬೆಳೆಯೂದಿಲ್ಲ. ಹಿಡಿ ಸುಮ್ನ.” ಹಾಗೆಂದು ಮರಿಗಳನ್ನು ಚಾಚಿಯ ಮಡಿಲಿಗೇ ಹಾಕಿದಳು. ಅವು ಕೆಳಗೆ ಬೀಳದಂತೆ ಚಾಚಿ ಗಾಬರಿಯಿಂದ ಸೆರಗು ಕೂಡಿಸಿ ಹಿಡಿದಳು, ಹಿಡಿದದ್ದೇ ಅಳತೊಡಗಿದಳು. ಅಳುತ್ತಲೇ ಒಂದು ಮರಿಯನ್ನು ಬೆರಳಿನಿಂದ ಸವರುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. “ಅದು ಹ್ಯಾಟಿಯೋ ಹುಂಜವೋ?” ಎಂದು ಕುರ್ತಕೋಟಿಯಾಕೆಯನ್ನು ಕೇಳಿದೆ.

“ಈಗ ಹೆಂಗ ಗೊತ್ತಾಗಬೇಕ್ರಿ ಅಕ್ಕೋರ? ಬೆಳೀಲ್ರಿ. ಬೆಳಕ ಹರಿಯೂ ಮೊದಲ ಕೂಗಿ ನಿಮ್ಮನ್ನ ಎಬ್ಬಿಸಿತಂದ್ರ ಹುಂಜ,” ಎನ್ನುತ್ತಾ ಆಕೆ ಬುಟ್ಟಿಗೆ ಸೆರಗು ಮುಚ್ಚಿ ಬಸ್ಸಿಗೆ ಹೊರಟಳು.